ಚಹದ ಪರಿಮಳದ ಜಿನ್ : ನಮ್ಮ ತೋಟಗಳಿಗೇನು ಸಂಬಂಧ?

ಕಳೆದ ಸಭೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಸದಸ್ಯರೊಬ್ಬರು ನಮ್ಮ ಮುಂದೊಂದು ಪ್ರಶ್ನೆ ಇಟ್ಟರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವರ ಮಗ ಹಬ್ಬಕ್ಕೆ ಬಂದವನು ಒಂದು ಬಾಟಲಿ ತಂದಿದ್ದನಂತೆ. ಅದರ ಹಿಂಬದಿಯ ಚೀಟಿಯಲ್ಲಿ ಚಹದ ಎಲೆ, ಏಲಕ್ಕಿ, ಕೊತ್ತಂಬರಿ, ಕಿತ್ತಳೆ ಸಿಪ್ಪೆ ಎಂದೆಲ್ಲ ಅಚ್ಚಾಗಿತ್ತಂತೆ. "ಇದು ಕಷಾಯವೋ ಮದ್ಯವೋ ನಮಗೆ ತಿಳಿಯಲಿಲ್ಲ. ಬೆಲೆ ಕೇಳಿದರೆ ಒಂದು ಕಿಲೋ ಏಲಕ್ಕಿಯ ಹತ್ತಿರ ಹತ್ತಿರ ಹೇಳಿದ. ಹಾಗಾದರೆ ನಮ್ಮ ಮೆಣಸು ಏಲಕ್ಕಿಗಳನ್ನು ಇವರಿಗೇ ನೇರವಾಗಿ ಏಕೆ ಮಾರಬಾರದು?" ಎಂಬುದು ಅವರ ಪ್ರಶ್ನೆ. ಅಲ್ಲಿ ನಿಂತಿದ್ದ ಇನ್ನಿಬ್ಬರು, ಹತ್ತಾರು ಗಿಡ ಚಹ ಹಾಕಿದರೆ ಹೇಗೆ ಎಂದು ಆಗಲೇ ಲೆಕ್ಕ ಹಾಕತೊಡಗಿದ್ದರು.

ಸಂಘದ ಪತ್ರಿಕೆಯಲ್ಲಿ ಮದ್ಯದ ವಿಷಯ ಬರೆಯಬಹುದೇ ಎಂದು ನಾವು ಸ್ವಲ್ಪ ಹಿಂದೆ ಮುಂದೆ ನೋಡಿದ್ದು ನಿಜ. ಕುಡಿತದಿಂದ ನಮ್ಮ ಲೈನು ಮನೆಗಳಲ್ಲಿ ಏನಾಗಿದೆ ಎಂಬುದನ್ನು ಪ್ರತಿಯೊಬ್ಬ ಬೆಳೆಗಾರನೂ ಕಣ್ಣಾರೆ ಕಂಡಿದ್ದಾನೆ. ಆದರೆ ತೋಟದಿಂದ ಹೊರಟ ವಸ್ತು ಎಲ್ಲಿಗೆ ಹೋಗಿ ಏನಾಗುತ್ತದೆ ಎಂಬುದನ್ನು ತಿಳಿಯದೆ ಗಿಡ ನೆಡುವುದು ಅದಕ್ಕಿಂತ ದೊಡ್ಡ ತಪ್ಪು. ವೆನಿಲಾ ಬೆಲೆಯ ಏರಿಳಿತದಲ್ಲಿ ಕೈ ಸುಟ್ಟುಕೊಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಆದ್ದರಿಂದ ತಿಳಿದಷ್ಟನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ. ಕುಡಿಯಿರಿ ಎಂದು ಹೇಳುವುದಕ್ಕಲ್ಲ.

ಜಿನ್ ಎಂದರೇನು?

ಜಿನ್ ಎಂಬುದು ಮೂಲತಃ ಹಾಲೆಂಡಿನ ಪದಾರ್ಥ. ಅಲ್ಲಿ ಅದಕ್ಕೆ ಯೆನೆವರ್ ಎನ್ನುತ್ತಿದ್ದರು. ಜೂನಿಪರ್ ಎಂಬ ಕುರುಚಲು ಮರದ ಕಾಯಿಯಿಂದ ಬಂದ ಹೆಸರು ಅದು. ನಮ್ಮ ವೈದ್ಯ ಗ್ರಂಥಗಳಲ್ಲಿ ಹಪುಷಾ ಎಂದು ಕರೆಯುವುದು ಇದರ ಜಾತಿಯನ್ನೇ, ಹಿಮಾಲಯದಲ್ಲಿಯೂ ಬೆಳೆಯುತ್ತದೆ. 18ನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಜಿನ್ ಬಡವರ ಕುಡಿತವಾಗಿ, ಲಂಡನ್ ನಗರವೇ ಹಾಳಾಗುತ್ತಿದೆ ಎಂಬ ಕೂಗೆದ್ದು, 1736ರಲ್ಲಿ ಒಂದು, 1751ರಲ್ಲಿ ಮತ್ತೊಂದು ಕಾನೂನು ಮಾಡಬೇಕಾಯಿತು. ಇಂದು ಮೇಜಿನ ಮೇಲೆ ಹೂವಿಟ್ಟು ಕುಡಿಯುವ ಪಾನೀಯದ ಪೂರ್ವಾಶ್ರಮ ಇಂಥದು.

ತಯಾರಿಕೆಯಲ್ಲಿ ಗುಟ್ಟೇನೂ ಇಲ್ಲ. ಧಾನ್ಯದಿಂದಲೋ ಕಾಕಂಬಿಯಿಂದಲೋ ತೆಗೆದ, ರುಚಿಯಾಗಲಿ ವಾಸನೆಯಾಗಲಿ ಇಲ್ಲದ ಶುದ್ಧ ಮದ್ಯಸಾರವೇ ಇದರ ಆಧಾರ. ಅದು ಶೇಕಡಾ 96ರಷ್ಟು ಪ್ರಬಲವಾಗಿರುತ್ತದೆ. ಅದಕ್ಕೆ ನೀರು ಬೆರೆಸಿ ಅರ್ಧದಷ್ಟಕ್ಕೆ ಇಳಿಸಿ, ಜೂನಿಪರ್ ಕಾಯಿ, ಕೊತ್ತಂಬರಿ ಬೀಜ, ಏಂಜೆಲಿಕ ಎಂಬ ಬೇರು, ಹಣ್ಣಿನ ಸಿಪ್ಪೆ ಮುಂತಾದವನ್ನು ನೆನೆಹಾಕಿ, ತಾಮ್ರದ ಪಾತ್ರೆಯಲ್ಲಿ ಮತ್ತೊಮ್ಮೆ ಬಟ್ಟಿ ಇಳಿಸುತ್ತಾರೆ. ಕೆಲವರು ಸಾಮಗ್ರಿಗಳನ್ನು ನೆನೆಹಾಕದೆ ಜಾಲರಿಯ ಬುಟ್ಟಿಯಲ್ಲಿಟ್ಟು, ಏಳುವ ಹಬೆ ಅದರ ಮೂಲಕ ಹಾದುಹೋಗುವಂತೆ ಮಾಡುತ್ತಾರೆ. 1987ರಲ್ಲಿ ಮಾರುಕಟ್ಟೆಗೆ ಬಂದ ಬಾಂಬೆ ಸಫೈರ್ ಎಂಬ ನೀಲಿ ಬಾಟಲಿಯ ಜಿನ್ ಆ ಬಗೆಯದು. ಹೆಸರಿನಲ್ಲಿ ಬಾಂಬೆ ಇದ್ದರೂ ಅದು ಇಂಗ್ಲೆಂಡಿನ ಸರಕು.

ನಿಂಬೆಹುಲ್ಲಿನ ಎಣ್ಣೆ ತೆಗೆಯುವುದನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಬೆಯೊಂದಿಗೆ ಏಳಬಲ್ಲ ತೈಲಾಂಶ ಮಾತ್ರ ಆಚೆ ಬರುತ್ತದೆ. ಏಳಲಾರದ್ದು ಹಂಡೆಯಲ್ಲೇ ಉಳಿಯುತ್ತದೆ. ಜಿನ್ನಿನ ವಿಷಯದಲ್ಲಿ ನಾವು ಹೇಳಬೇಕೆಂದಿರುವ ಮುಖ್ಯ ಮಾತೆಲ್ಲ ಈ ಒಂದು ವಾಕ್ಯದಲ್ಲಿದೆ. ಯುರೋಪಿನ ಕಾನೂನಿನಂತೆ ಜೂನಿಪರ್ ರುಚಿ ಮುಂದಾಗಿದ್ದು, ಮದ್ಯಸಾರ ಶೇಕಡಾ 37.5ಕ್ಕೆ ಕಡಿಮೆಯಿಲ್ಲದಿದ್ದರೆ ಅದು ಜಿನ್. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಕಾಣುವುದು ಶೇಕಡಾ 42.8. ಜೂನಿಪರ್ ಇದ್ದ ಮೇಲೆ ಉಳಿದದ್ದು ತಯಾರಕರ ಇಷ್ಟ. ಇಲ್ಲಿಯೇ ಚಹ ಪ್ರವೇಶಿಸುವುದು.

ಚಹ ಬಂದ ಬಗೆ

ಚಹ ಸೇರಿಸಿದ ಜಿನ್ನನ್ನು ದೊಡ್ಡ ಪ್ರಮಾಣದಲ್ಲಿ ಹೆಸರಿಗೆ ತಂದದ್ದು ಲಂಡನ್ನಿನ ಬೀಫೀಟರ್ ಕಾರ್ಖಾನೆ. ಅಲ್ಲಿ ಬಟ್ಟಿಯ ಮುಖ್ಯಸ್ಥರಾಗಿದ್ದ ಡೆಸ್ಮಂಡ್ ಪೇನ್ ಜಪಾನಿಗೆ ಹೋಗಿದ್ದಾಗ, ತಮಗೆ ಬೇಕಾದ ಟಾನಿಕ್ ನೀರು ಅಲ್ಲಿ ಸಿಗದೆ ತಣ್ಣನೆಯ ಹಸಿರು ಚಹಕ್ಕೆ ಜಿನ್ ಬೆರೆಸಿ ನೋಡಿದರೆಂದು ಹೇಳುತ್ತಾರೆ. ಅದರಿಂದ ಹೊಳೆದ ವಿಚಾರ 2008ರಲ್ಲಿ ಬೀಫೀಟರ್ 24 ಎಂಬ ಹೆಸರಿನಲ್ಲಿ ಬಾಟಲಿಗೆ ಇಳಿಯಿತು. ಜಪಾನಿನ ಸೆಂಚಾ, ಚೀನಾದ ಹಸಿರು ಚಹ, ಚಕ್ಕೋತದ ಬಂಧುವಾದ ಗ್ರೇಪ್‌ಫ್ರೂಟ್ ಸಿಪ್ಪೆ ಅದರಲ್ಲಿವೆ. ಸಾಮಗ್ರಿಗಳನ್ನು ಮದ್ಯಸಾರದಲ್ಲಿ 24 ಗಂಟೆ ನೆನೆಯಿಡುವುದರಿಂದ ಆ ಹೆಸರು.

ಇಪ್ಪತ್ತನಾಲ್ಕು ಗಂಟೆ! ಐದು ನಿಮಿಷ ಹೆಚ್ಚು ನೆನೆದರೆ ಕಹಿಯಾಗುವ ಚಹವನ್ನು ಒಂದು ಹಗಲು ಒಂದು ರಾತ್ರಿ ನೆನೆಯಿಟ್ಟರೆ ಏನಾಗಬೇಕು ಎಂದು ನಮ್ಮ ಗೃಹಿಣಿಯರು ಕೇಳಬಹುದು. ಏನೂ ಆಗುವುದಿಲ್ಲ, ಏಕೆಂದರೆ ಆ ಮೇಲೆ ಅದು ಬಟ್ಟಿ ಇಳಿಯುತ್ತದೆ. ಚಹದ ಒಗರಿಗೂ ಬಣ್ಣಕ್ಕೂ ಕಾರಣವಾದ ಟ್ಯಾನಿನ್ ಜಾತಿಯ ಪದಾರ್ಥಗಳು ಹಬೆಯಾಗಿ ಏಳುವುದಿಲ್ಲ. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರನ್ನು ನೆನಪಿಗೆ ತಂದುಕೊಳ್ಳಿ. ಎಷ್ಟು ಕುದಿಸಿದರೂ ಚೊಗರು ದಪ್ಪವಾಗುತ್ತದೆಯೇ ಹೊರತು ಆವಿಯೊಂದಿಗೆ ಕೆಂಪು ಬಣ್ಣ ಮೇಲೇರಿದ್ದನ್ನು ಯಾರೂ ಕಂಡಿಲ್ಲ. ಚಹದ ಒಗರೂ ಚೊಗರಿನ ಒಗರೂ ಹತ್ತಿರದ ದಾಯಾದಿಗಳೇ. ಚಹದಲ್ಲಿರುವ ಕೆಫೀನ್ ಕೂಡ ಹೀಗೆಯೇ ಹಂಡೆಯಲ್ಲಿ ಉಳಿಯುತ್ತದೆ. ಹೊರಬರುವ ಜಿನ್ ನೀರಿನಷ್ಟು ತಿಳಿ. ಅದರಲ್ಲಿರುವುದು ಚಹದ ಪರಿಮಳ ಮಾತ್ರ.

ಆ ಪರಿಮಳ ಜಿನ್ನಿಗೆ ಹೊಂದುವುದಕ್ಕೂ ಕಾರಣವಿದೆ. ಎಲೆಯನ್ನು ಬಾಡಿಸಿ ಹೊಸೆಯುವಾಗ ಚಹದಲ್ಲಿ ಬಿಡುಗಡೆಯಾಗುವ ಸುಗಂಧಗಳಲ್ಲಿ ಲಿನಲೂಲ್, ಜೆರಾನಿಯೋಲ್ ಎಂಬವು ಮುಖ್ಯ. ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ಹೆಚ್ಚಿನ ಪಾಲು ಇದೇ ಲಿನಲೂಲ್. ಜಿನ್ನಿನಲ್ಲಿ ಜೂನಿಪರ್ ಬಿಟ್ಟರೆ ಎರಡನೆಯ ಸ್ಥಾನ ಕೊತ್ತಂಬರಿಗೆ. ಆದ್ದರಿಂದ ಚಹ ಅಲ್ಲಿ ಹೊಸಬನಂತೆ ಬಂದರೂ ಪರಿಚಯದವರ ಮನೆಗೇ ಬಂದಂತಾಗುತ್ತದೆ.

ನಮ್ಮ ದೇಶದಲ್ಲಿ ಸಣ್ಣ ಪ್ರಮಾಣದ, ಕುಶಲ ತಯಾರಿಕೆಯ ಜಿನ್ನುಗಳ ಕಾಲ ಆರಂಭವಾದದ್ದು 2017ರಲ್ಲಿ ಗೋವೆಯ ಗ್ರೇಟರ್ ದ್ಯಾನ್ ಎಂಬ ಸರಕಿನಿಂದ ಎನ್ನಬಹುದು. ಇಂಗ್ಲೆಂಡಿನಲ್ಲೂ ಇಂಥ ಸಣ್ಣ ಬಟ್ಟಿಗಳು ಬಹಳ ಹಳೆಯವಲ್ಲ. 1,800 ಲೀಟರಿಗಿಂತ ಚಿಕ್ಕ ಹಂಡೆಗೆ ಪರವಾನಗಿ ಕೊಡುವುದಿಲ್ಲವೆಂದು ಅಲ್ಲಿನ ಅಧಿಕಾರಿಗಳು ಪಟ್ಟು ಹಿಡಿದಿದ್ದರು. ಸಿಪ್‌ಸ್ಮಿತ್ ಎಂಬ ಸಂಸ್ಥೆಯವರು ಬೆನ್ನುಹತ್ತಿ 2009ರಲ್ಲಿ ಲಂಡನ್ನಿನಲ್ಲಿ ಕೆಲಸ ಆರಂಭಿಸಿದ ಮೇಲೆಯೇ ಉಳಿದವರಿಗೂ ದಾರಿ ತೆರೆಯಿತು. 2018ರಲ್ಲಿ ಬಂದ ಜೈಸಲ್ಮೇರ್ ಎಂಬ ಭಾರತೀಯ ಜಿನ್ನಿನಲ್ಲಿ ಡಾರ್ಜಿಲಿಂಗಿನ ಹಸಿರು ಚಹ, ಲಾವಂಚ, ಬಾಲಮೆಣಸು, ನಿಂಬೆಹುಲ್ಲು, ಕಿತ್ತಳೆ ಸಿಪ್ಪೆಗಳಿವೆ. ಪಟ್ಟಿಯನ್ನು ಓದಿದರೆ ಗ್ರಂಥಿಗೆ ಅಂಗಡಿಯ ಚೀಟಿಯಂತೆ ಕಾಣುತ್ತದೆ.

ನಮಗೆ ಹತ್ತಿರದ್ದು ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್. 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಸ್ಥಾಪಿಸಿದ ಈ ಸಂಸ್ಥೆ 2004ರಲ್ಲಿ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿಯೇ ಬಿಡುಗಡೆ ಮಾಡಿದ ಎದೆಗಾರಿಕೆಯದು. ಇವರ ಜಿನ್ನಿನ ಹೆಸರು ನೀಲಗಿರೀಸ್. ಅದರಲ್ಲಿ ನೀಲಗಿರಿಯ ಚಹವೂ ಇದೆ, ವೀಳ್ಯದೆಲೆಯೂ ಇದೆ. ಅಡಿಕೆ ಇಲ್ಲ, ಆ ವಿಷಯಕ್ಕೆ ಮುಂದೆ ಬರುತ್ತೇವೆ.

ನೀಲಗಿರಿಯ ಹೆಸರು ಇಲ್ಲಿ ಬಂದದ್ದು ಒಂದು ರೀತಿಯಲ್ಲಿ ಋಣ ತೀರಿಸಿದಂತೆ. ಜಿನ್ನಿಗೆ ಬೆರೆಸುವ ಟಾನಿಕ್ ನೀರಿನ ಕಹಿ ಕ್ವಿನೈನಿನದು. ಮಲೇರಿಯಾಕ್ಕೆ ಮದ್ದಾದ ಈ ಕ್ವಿನೈನ್ ಕೊಡುವ ಸಿಂಕೋನಾ ಮರವನ್ನು ದಕ್ಷಿಣ ಅಮೆರಿಕೆಯಿಂದ ತರಿಸಿ 1860ರ ದಶಕದ ಆರಂಭದಲ್ಲಿ ಊಟಿಯ ದೊಡ್ಡಬೆಟ್ಟದ ಇಳಿಜಾರುಗಳಲ್ಲಿ ಬೆಳೆಸಿದ್ದರು. ಮಲೆನಾಡಿನ ಹಳೆಯ ತಲೆಗಳಿಗೆ ಕ್ವಿನೈನಿನ ರುಚಿ ಟಾನಿಕ್ಕಿಲ್ಲದೆಯೇ ಚೆನ್ನಾಗಿ ಗೊತ್ತು.

ನೆನೆಹಾಕುವುದು ಬೇರೆ, ಬಟ್ಟಿ ಇಳಿಸುವುದು ಬೇರೆ

ಇನ್ನೊಂದು ವಿಧಾನವಿದೆ. ಸಿದ್ಧವಾದ ಜಿನ್ನಿನಲ್ಲಿಯೇ ಚಹದ ಸೊಪ್ಪು ಹಾಕಿ ನೆನೆಸಿ ಸೋಸುವುದು. ನ್ಯೂಯಾರ್ಕಿನಲ್ಲಿ 2005ರಲ್ಲಿ ಪೆಗು ಕ್ಲಬ್ ಎಂಬ ಪಾನಗೃಹ ತೆರೆದ ಆಡ್ರಿ ಸಾಂಡರ್ಸ್ ಎಂಬ ಮಹಿಳೆ ಇದರಿಂದ ಪ್ರಸಿದ್ಧರಾದರು. ಅರ್ಲ್ ಗ್ರೇ ಎಂಬ ಚಹವನ್ನು ಜಿನ್ನಿನಲ್ಲಿ ಸುಮಾರು ಎರಡು ಗಂಟೆ ನೆನೆಸಿ, ನಿಂಬೆರಸ, ಸಕ್ಕರೆ ಪಾಕ, ಮೊಟ್ಟೆಯ ಬಿಳಿ ಹಾಕಿ ಕುಲುಕಿ ನೊರೆ ಎಬ್ಬಿಸಿ ಕೊಡುವ ಪಾನೀಯ ಅವರದು. ಅರ್ಲ್ ಗ್ರೇ ಎಂದರೆ ಬರ್ಗಮಾಟ್ ಎಂಬ ಹಣ್ಣಿನ ಸಿಪ್ಪೆಯ ಎಣ್ಣೆ ಸವರಿದ ಕಪ್ಪು ಚಹ. ಈ ಹಣ್ಣು ಹುಳಿ ಕಿತ್ತಳೆಯ ಕುಲದ್ದು, ಹೆಚ್ಚಾಗಿ ಇಟಲಿಯ ದಕ್ಷಿಣ ತುದಿಯಲ್ಲಿ ಬೆಳೆಯುತ್ತದೆ.

ಹೀಗೆ ನೆನೆಸಿದಾಗ ಬಟ್ಟಿಯ ರಕ್ಷಣೆ ಇಲ್ಲ. ಮದ್ಯಸಾರ ಒಗರನ್ನೂ ಬಣ್ಣವನ್ನೂ ಕೆಫೀನನ್ನೂ ಎಳೆದುಕೊಳ್ಳುತ್ತದೆ. ಅದಕ್ಕೇ ಎರಡು ಗಂಟೆಯ ಮಿತಿ. ರಾತ್ರಿ ಬಿಟ್ಟರೆ ನಾಲಿಗೆಗೆ ಎಳೆಯ ಅಡಿಕೆ ಕಚ್ಚಿದಂತಾಗುವುದು ಖಂಡಿತ. ಉಳಿದ ಒಗರನ್ನು ಹಿಡಿದು ಕಟ್ಟುವ ಕೆಲಸ ಮೊಟ್ಟೆಯ ಬಿಳಿಯದು. ಟ್ಯಾನಿನ್ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಬಾಯಿಯೊಳಗೆ ನಮ್ಮ ಲಾಲಾರಸದ ಪ್ರೋಟೀನಿಗೆ ಅಂಟಿದರೆ ನಾಲಿಗೆ ಒಣಗಿದಂತಾಗುತ್ತದೆ, ಅದೇ ಒಗರು. ಲೋಟದಲ್ಲಿಯೇ ಬೇರೆ ಪ್ರೋಟೀನ್ ಸಿಕ್ಕರೆ ಅಲ್ಲಿಯೇ ಅಂಟಿ ಕೂರುತ್ತದೆ. ಟೀಗೆ ಹಾಲು ಹಾಕುವ ನಮ್ಮ ಪದ್ಧತಿಯಲ್ಲಿ ಹಾಲು ಮಾಡುವುದೂ ಇದನ್ನೇ.

ಚಹದ ಜಾತಿಯೂ ಇಲ್ಲಿ ಮುಖ್ಯ. ಅಂಗಡಿಯಲ್ಲಿ ಸಿಗುವ ಸಿ.ಟಿ.ಸಿ. ಹುಡಿ ಹಾಲಿನ ಟೀಗೆಂದೇ ಹುಟ್ಟಿದ್ದು. ಎಲೆಯನ್ನು ಹಲ್ಲಿನ ಉರುಳೆಗಳ ನಡುವೆ ಹರಿದು ಕಾಳಾಗಿಸಿರುವುದರಿಂದ ಒಂದೇ ಸಲಕ್ಕೆ ಕಡುಬಣ್ಣ, ಕಡು ಒಗರು ಬಿಡುತ್ತದೆ. ಜಿನ್ನಿನವರಿಗೆ ಬೇಕಾದದ್ದು ಎಲೆ ಹೊಸೆದು ಮಾಡಿದ ಆರ್ಥೊಡಾಕ್ಸ್ ಚಹ ಅಥವಾ ಹಸಿರು ಚಹ. ತಣ್ಣಗಾದ ಚಹ ಕೆಲವೊಮ್ಮೆ ಕದಡಿದಂತಾಗುತ್ತದೆ. ಕೆಫೀನೂ ಟ್ಯಾನಿನ್ನೂ ಸೇರಿಕೊಂಡು ಕರಗದೆ ನಿಲ್ಲುವುದೇ ಅದಕ್ಕೆ ಕಾರಣ. ನೀಲಗಿರಿಯ ಚಹ ಐಸಿನಲ್ಲೂ ತಿಳಿಯಾಗಿರುತ್ತದೆಂದು ವ್ಯಾಪಾರದಲ್ಲಿ ಹೆಸರಿದೆ. ಜಿನ್ನಿಗೂ ಅದರದೇ ಆದ ಕದಡುವ ರೋಗವಿದೆ, ಆದರೆ ಕಾರಣ ಬೇರೆ. ಸಿಪ್ಪೆ ಕಾಳುಗಳ ಎಣ್ಣೆ ವಿಪರೀತ ಸೇರಿದ್ದರೆ, ನೀರು ಬೆರೆಸಿದ ಕೂಡಲೇ ಡೆಟ್ಟಾಲ್ ನೀರಿಗೆ ಬಿದ್ದಂತೆ ಬೆಳ್ಳಗಾಗುತ್ತದೆ.

ಇಂಥ ಚಹದ ಜಿನ್ನನ್ನು ಬ್ರಂಚಿಗೆ ಹೇಳಿ ಮಾಡಿಸಿದ್ದೆಂದು ಪಟ್ಟಣದ ಹೋಟೆಲುಗಳು ಪ್ರಚಾರ ಮಾಡುತ್ತವೆ. ಬ್ರಂಚ್ ಎಂದರೆ ತಿಂಡಿಯೂ ಅಲ್ಲದ ಊಟವೂ ಅಲ್ಲದ, ಭಾನುವಾರ ಹನ್ನೊಂದರ ಹೊತ್ತಿನ ಭೋಜನ. 1895ರಲ್ಲಿ ಗೈ ಬೆರಿಂಜರ್ ಎಂಬ ಇಂಗ್ಲಿಷ್ ಲೇಖಕರು ಈ ಹೆಸರಿಟ್ಟರು. ಹಿಂದಿನ ರಾತ್ರಿಯ ಪಾರ್ಟಿಯಿಂದ ತಡವಾಗಿ ಎದ್ದವರಿಗೆ ಇದು ಅನುಕೂಲವೆಂಬುದೂ ಅವರ ವಾದದಲ್ಲಿತ್ತು. ಗದ್ದೆ ತೋಟ ನೋಡಿ ಹತ್ತು ಗಂಟೆಗೆ ಬಂದು ಕಡುಬು ತಿನ್ನುವ ನಮ್ಮವರಿಗೆ ಆ ಹೊತ್ತಿನ ಊಟ ಹೊಸದಲ್ಲ, ಕಾರಣ ಮಾತ್ರ ಬೇರೆ. ಆ ಹೊತ್ತಿಗೆ ಹುಳಿಯಾದ, ಉದ್ದ ಲೋಟದಲ್ಲಿ ಸೋಡಾ ಬೆರೆತ ಪಾನೀಯಗಳು ನಡೆಯುತ್ತವೆ. ನಿಂಬೆ, ಜೇನು, ಚಹದ ಪರಿಮಳ ಒಂದಕ್ಕೊಂದು ಹೊಂದುವುದರಿಂದ ಈ ಜಿನ್ನಿಗೆ ಅಲ್ಲಿ ಮಣೆ.

ಆದರೆ ಹೆಸರಿನಲ್ಲಿ ಚಹ ಇದೆ, ಬೆಳಗಿನ ಹೊತ್ತು ಕುಡಿಯುತ್ತಾರೆ ಎಂಬುದರಿಂದ ಅದು ಸೌಮ್ಯವೆಂದು ಯಾರೂ ಭ್ರಮಿಸಬಾರದು. ಶೇಕಡಾ 42.8ರ ಜಿನ್ 60 ಮಿಲಿ ಲೀಟರಿನಲ್ಲಿ ಸುಮಾರು 20 ಗ್ರಾಂ ಮದ್ಯಸಾರವಿರುತ್ತದೆ. ಮೇಲೆ ಎಷ್ಟು ನಿಂಬೆರಸ ಹಿಂಡಿದರೂ ಆ 20 ಗ್ರಾಂ 19 ಆಗುವುದಿಲ್ಲ. ನೆನೆಸಿದ ಬಗೆಯಲ್ಲಿ ಕೆಫೀನೂ ಇರುವುದರಿಂದ, ಅದು ನಿದ್ದೆ ಓಡಿಸಿ ಅಮಲು ಏರಿಲ್ಲವೆಂಬ ಭಾವನೆ ಕೊಡುತ್ತದೆ, ಅಮಲು ಇಳಿಸುವುದಿಲ್ಲ. ಹಾಗೆ ಕುಡಿದು ಘಾಟಿಯಲ್ಲಿ ಜೀಪು ಓಡಿಸುವವರ ವಿಷಯ ನಾವು ಹೇಳಬೇಕಾಗಿಲ್ಲ. ಮದ್ಯದಲ್ಲಿ ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ.

ನಮ್ಮ ಬೆಳೆಗಳ ಲೆಕ್ಕ

ಈಗ ಸದಸ್ಯರ ಪ್ರಶ್ನೆಗೆ ಬರೋಣ. ನಮ್ಮ ಕಾಳುಮೆಣಸು, ಏಲಕ್ಕಿ, ಕಿತ್ತಳೆ ಸಿಪ್ಪೆ, ಜಾಯಿಕಾಯಿ, ಜಾಪತ್ರೆ, ದಾಲ್ಚಿನ್ನಿ ಎಲ್ಲವೂ ಜಿನ್ ತಯಾರಿಕೆಗೆ ಬರುವ ಸಾಮಗ್ರಿಗಳೇ. ಗುಣದಲ್ಲಿ ಅವು ಯಾರಿಗೂ ಕಡಿಮೆಯಲ್ಲ. ತೊಡಕಿರುವುದು ತೂಕದಲ್ಲಿ.

ಒಂದು ಲೀಟರ್ ಜಿನ್ನಿಗೆ ಎಲ್ಲ ಸಾಮಗ್ರಿಯೂ ಸೇರಿ 20ರಿಂದ 30 ಗ್ರಾಂ ಬಳಸುವುದು ಸಾಮಾನ್ಯ. ಅದರಲ್ಲಿ ಅರ್ಧಕ್ಕೂ ಹೆಚ್ಚು ಜೂನಿಪರ್, ಉಳಿದುದರಲ್ಲಿ ದೊಡ್ಡ ಪಾಲು ಕೊತ್ತಂಬರಿ. ಮೆಣಸು ಏಲಕ್ಕಿಗಳಿಗೆ ಉಳಿಯುವುದು ಚಿಟಿಕೆ ಲೆಕ್ಕ. ಒಂದು ಉದಾಹರಣೆ ಮಾಡಿ ನೋಡೋಣ. ಒಂದು ಸಂಸ್ಥೆ ವರ್ಷಕ್ಕೆ 1 ಲಕ್ಷ ಬಾಟಲಿ ಮಾರುತ್ತದೆ ಎಂದಿಟ್ಟುಕೊಳ್ಳಿ. ಬಾಟಲಿಗೆ 750 ಮಿಲಿ ಲೀಟರಿನಂತೆ 75,000 ಲೀಟರ್ ಆಯಿತು. ಲೀಟರಿಗೆ 1 ಗ್ರಾಂ ಮೆಣಸು ಎಂದು ಧಾರಾಳವಾಗಿಯೇ ಹಿಡಿದರೂ ವರ್ಷಕ್ಕೆ ಬೇಕಾಗುವುದು 75 ಕಿಲೋ. ಚೆನ್ನಾಗಿ ಫಸಲು ಬಂದ ಮೂವತ್ತು ನಲವತ್ತು ಬಳ್ಳಿಗಳ ಮೆಣಸು! ಏಲಕ್ಕಿ ಲೀಟರಿಗೆ ಅರ್ಧ ಗ್ರಾಂ ಎಂದರೆ ಮೂವತ್ತೇಳೂವರೆ ಕಿಲೋ. ಚಹವನ್ನು ಲೀಟರಿಗೆ 5 ಗ್ರಾಮಿನಂತೆ ಹಾಕಿದರೂ ವರ್ಷಕ್ಕೆ 375 ಕಿಲೋ. ಒಂದು ಚಹ ಕಾರ್ಖಾನೆಗೆ ಇದು ಒಂದು ದಿನದ ಕೆಲಸವೂ ಅಲ್ಲ. ಬಾಟಲಿಯ ಬೆಲೆಯಲ್ಲಿ ಬಹುಭಾಗ ಸುಂಕ, ಗಾಜು, ಜಾಹೀರಾತು, ವ್ಯಾಪಾರಿಯ ಲಾಭ. ನಮ್ಮ ಕಾಳಿನ ಪಾಲು ಎಷ್ಟೆಂದು ಇದರ ಮೇಲೆ ಸದಸ್ಯರೇ ಊಹಿಸಬಹುದು.

ಆದ್ದರಿಂದ ಜಿನ್ನಿಗಾಗಿ ಚಹ ನೆಡುವ ಯೋಚನೆಯನ್ನು ಬಿಡುವುದು ಒಳ್ಳೆಯದು. ಚಹದ ಎಲೆ ಕಿತ್ತ ದಿನವೇ ಕಾರ್ಖಾನೆ ಸೇರಬೇಕು. ಕಾಫಿ ಹಣ್ಣಿನಂತೆ ಕಣದಲ್ಲಿ ಹರವಿ ಒಣಗಿಸಿ, ಬೆಲೆ ಬರಲೆಂದು ಉಗ್ರಾಣದಲ್ಲಿ ಕೂಡಿಡುವಂತಿಲ್ಲ. ನಮ್ಮ ರಾಜ್ಯದಲ್ಲಿ ಚಹ ಇಲ್ಲದೇ ಇಲ್ಲ. ಚಿಕ್ಕಮಗಳೂರು ಜಿಲ್ಲೆಯ ಕೆಳಗೂರು, ಸಕಲೇಶಪುರ ಕಡೆಯ ಕಡಮನೆಗಳಲ್ಲಿ ಚಹ ತೋಟಗಳಿವೆ. ಅವು ಕಾರ್ಖಾನೆ ಸಹಿತವಾದ ದೊಡ್ಡ ತೋಟಗಳು. ಅರ್ಧ ಎಕರೆಯವನಿಗೆ ಆ ದಾರಿಯಿಲ್ಲ.

ಹಾಗೆಂದು ಇದರಲ್ಲಿ ನಮಗೆ ಏನೂ ಇಲ್ಲವೆಂದೂ ಅಲ್ಲ. ಸುಗಂಧಕ್ಕಾಗಿ ಕೊಳ್ಳುವವನು ನೋಡುವ ಗುಣವೇ ಬೇರೆ ಎಂಬುದು ನಮಗೆ ಈ ವಿಷಯ ಕೆದಕಿದಾಗ ಮನವರಿಕೆಯಾಯಿತು. ಮೆಣಸನ್ನೇ ತೆಗೆದುಕೊಳ್ಳಿ. ಖಾರಕ್ಕೆ ಕಾರಣವಾದ ಪೈಪರಿನ್ ಹಬೆಯಾಗಿ ಏಳುವುದಿಲ್ಲ. ಆದ್ದರಿಂದ ಮೆಣಸು ಹಾಕಿ ಬಟ್ಟಿ ಇಳಿಸಿದ ಜಿನ್ನಿನಲ್ಲಿ ಮೆಣಸಿನ ಘಮ ಇರುತ್ತದೆ, ಖಾರ ಇರುವುದಿಲ್ಲ. ಮಂಡಿಯಲ್ಲಿ ಲೀಟರ್ ತೂಕ ನೋಡಿ, ತುಂಬಿದ ಕಾಳಿಗೆ ಬೆಲೆ ಕಟ್ಟುತ್ತಾರೆ; ಎಣ್ಣೆಗಾಗಿ ಕೊಳ್ಳುವವರು ಹಾಗಲ್ಲ. ಪೂರ್ತಿ ಬಲಿಯುವ ಮೊದಲೇ ಕೊಯ್ದ ಹಗುರ ಮೆಣಸಿನಲ್ಲಿ ತೈಲಾಂಶ ಹೆಚ್ಚೆಂದು ಓಲಿಯೋರೆಸಿನ್ ಕಾರ್ಖಾನೆಗಳು ಅದನ್ನೇ ಆರಿಸುತ್ತವೆ. ಏಲಕ್ಕಿಯಲ್ಲಿಯೂ ನಾವು ಹಸಿರು ಬಣ್ಣಕ್ಕೆ ಪ್ರಾಣ ಬಿಡುತ್ತೇವೆ. ಪರಿಮಳವಿರುವುದು ಒಳಗಿನ ಬೀಜದಲ್ಲಿ, ಸಿಪ್ಪೆಯ ಬಣ್ಣದಲ್ಲಲ್ಲ. ಬಣ್ಣಗೆಟ್ಟು ಎರಡನೆಯ ದರ್ಜೆಗೆ ಬಿದ್ದ ಕಾಯಿ, ಬೀಜ ಬಲಿತು ಕಪ್ಪಾಗಿದ್ದರೆ, ಬಟ್ಟಿಯವರಿಗೆ ಧಾರಾಳವಾಗಿ ಸಾಕು. ಕಾಯಿ ಬಿಡಿಸದೆ ಇಟ್ಟರೆ ಮಾತ್ರ ಆ ಪರಿಮಳ ಉಳಿಯುವುದು.

ಕಿತ್ತಳೆ ಸಿಪ್ಪೆಯ ಬಗ್ಗೆಯೂ ಒಂದು ಮಾತು. ಕಾಫಿ ತೋಟದ ನಡುವಿನ ಕೊಡಗಿನ ಕಿತ್ತಳೆ ರೋಗಕ್ಕೆ ತುತ್ತಾಗಿ ಬಹುಪಾಲು ಹೋಗಿದೆ. ಉಳಿದ ಮರಗಳ ಹಣ್ಣಿನ ಸಿಪ್ಪೆಯನ್ನು ನಾವು ಗೊಬ್ಬರದ ಗುಂಡಿಗೆ ಎಸೆಯುತ್ತೇವೆ. ಒಳಗಿನ ಬಿಳಿಯ ತಿರುಳು ಕಹಿ. ಅದನ್ನು ಬಿಟ್ಟು ಹೊರಗಿನ ತೆಳುಪದರವನ್ನಷ್ಟೇ ಹೆರೆದು ನೆರಳಿನಲ್ಲಿ ಒಣಗಿಸಿದ ಸಿಪ್ಪೆಗೆ ಜಿನ್ನಿನವರಲ್ಲದೆ ಚಹ ಮಾಡುವವರೂ ಬೇಕರಿಯವರೂ ಗಿರಾಕಿಗಳಾಗಬಹುದು. ಆದರೆ ಸಿಪ್ಪೆಯನ್ನೇ ಬಳಸುವುದರಿಂದ ಅದರ ಮೇಲೆ ಬಿದ್ದ ಔಷಧಿ ಬಟ್ಟಿಯವರೆಗೂ ಹೋಗುತ್ತದೆ. ಸಿಂಪಡಣೆ ಮಾಡಿದ ಮರದ ಸಿಪ್ಪೆಯನ್ನು ದಯವಿಟ್ಟು ಯಾರೂ ಕೊಡಬಾರದು.

ಅಡಿಕೆಯನ್ನೂ ಜಿನ್ನಿಗೆ ಹಾಕಬಹುದಲ್ಲವೇ ಎಂದು ಕೇಳಿದವರಿದ್ದಾರೆ. ಈ ಹಾದಿಗೆ ಹೋಗಲೇಬಾರದು ಎಂಬುದು ನಮ್ಮ ಅಭಿಪ್ರಾಯ. ಅಡಿಕೆಯ ಅರೆಕೋಲಿನ್ ಎಣ್ಣೆಯಂಥ ದ್ರವ. ಅದು ಚೊಗರಿನಂತೆ ಹಂಡೆಯಲ್ಲಿ ಉಳಿಯುವ ಜಾತಿಯದಲ್ಲ, ಹಬೆಯೊಂದಿಗೆ ಏಳಬಲ್ಲದು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದನ್ನು ಸದಸ್ಯರು ಬಲ್ಲರು. ಅದರ ಬಗ್ಗೆ ನಮ್ಮ ಬೆಳೆಗಾರರಿಗಿರುವ ಅಸಮಾಧಾನ ಬೇರೆ ಚರ್ಚೆಯ ವಿಷಯ. ಆದರೆ ಮದ್ಯವೂ 1988ರಿಂದ ಅದೇ ಗುಂಪಿನಲ್ಲಿದೆ. ಎರಡನ್ನೂ ಒಂದೇ ಬಾಟಲಿಯಲ್ಲಿ ಸೇರಿಸಿ ಮಾರಹೊರಟರೆ ನಮ್ಮ ವಿರುದ್ಧ ನಾವೇ ಸಾಕ್ಷಿ ಹೇಳಿದಂತಾಗುತ್ತದೆ. ವೀಳ್ಯದೆಲೆಗೆ ಈ ತೊಡಕಿಲ್ಲ; ಅಡಿಕೆ ತೋಟದಲ್ಲಿ ಎಲೆಬಳ್ಳಿ ಹಬ್ಬಿಸಿದವರು ಅದನ್ನು ಗಮನಿಸಬಹುದು.

ಮನೆಯಲ್ಲಿಯೇ ಒಂದು ಸಣ್ಣ ಹಂಡೆಯಿಟ್ಟು ಪ್ರಯೋಗ ಮಾಡಬಹುದೇ ಎಂದು ತಮಾಷೆಗೆ ಕೇಳಿದವರಿಗೂ ಉತ್ತರ ಹೇಳಬೇಕು. ಕರ್ನಾಟಕ ಅಬಕಾರಿ ಕಾಯಿದೆ 1965ರ ಮೇರೆಗೆ ಪರವಾನಗಿಯಿಲ್ಲದೆ ಮದ್ಯ ಬಟ್ಟಿ ಇಳಿಸುವುದು ಶಿಕ್ಷಾರ್ಹ ಅಪರಾಧ. ಪ್ರಾಣಾಪಾಯದ ಮಾತು ಬೇರೆ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಮದ್ಯಸಾರ ಬೆರೆತ ಕಳ್ಳ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. ಮಿಥೈಲಿಗೆ ಬೇರೆ ರುಚಿಯಿಲ್ಲ, ಬೇರೆ ಬಣ್ಣವಿಲ್ಲ. ಕುಡಿದವನಿಗೆ ಗೊತ್ತಾಗುವುದು ಕಣ್ಣು ಮಂಜಾದ ಮೇಲೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಯೇ ನಿಂತಿತು. ನಿಂತ ಮೇಲೂ ಲೈನುಗಳಿಗೆ ಬೇರೆ ಬೇರೆ ರೂಪದಲ್ಲಿ ಕುಡಿತ ಬರುತ್ತಲೇ ಇದೆ. ಪಟ್ಟಣದಲ್ಲಿ ಜಿನ್ನಿಗೆ ಏಲಕ್ಕಿ ಹಾಕಿ ಕುಡಿಯುವುದನ್ನು ಸಂಸ್ಕಾರವೆಂದೂ ಲೈನಿನಲ್ಲಿ ಪ್ಯಾಕೆಟು ಕುಡಿಯುವುದನ್ನು ದುಶ್ಚಟವೆಂದೂ ಹೇಳುವುದಕ್ಕೆ ನಮಗಂತೂ ಬಾಯಿ ಬರುವುದಿಲ್ಲ. ಕುಡಿದದ್ದು ಎರಡು ಕಡೆಯೂ ಒಂದೇ ಮದ್ಯಸಾರ.

ಇನ್ನೊಂದು ಸಂಗತಿ ನಮಗೆ ಹೆಚ್ಚು ಆಶಾದಾಯಕವಾಗಿ ಕಂಡಿದೆ. ಬ್ರಂಚಿನ ಲೋಟದಲ್ಲಿ ಜಿನ್ ಇರುವುದು 60 ಮಿಲಿ ಲೀಟರ್. ಅದಕ್ಕೆ ಬೆರೆಸುವ ಪಾಕ, ಹಣ್ಣಿನ ರಸ, ಸೋಡಾ ಅದರ ಎರಡು ಮೂರು ಪಾಲು. ಅಬಕಾರಿಯ ಸುಂಕವೂ ಪರವಾನಗಿಯೂ ಇರುವುದು ಆ 60ಕ್ಕೆ, ಉಳಿದುದಕ್ಕಲ್ಲ. ಪುನರ್ಪುಳಿಯ ಪಾಕ, ಏಲಕ್ಕಿ ಬೆರೆತ ಜೇನು, ಶುಂಠಿ ನಿಂಬೆಯ ಪಾಕ ಇವು ನಮ್ಮ ಮನೆಗಳಲ್ಲಿ ಬೇಸಗೆ ಬಂದರೆ ಮಾಡುವಂಥವೇ. ಮದ್ಯ ಮುಟ್ಟದವರೂ ಇವನ್ನು ಕುಡಿಯುತ್ತಾರೆ ಎಂಬುದು ಮುಖ್ಯ. ತಣ್ಣನೆಯ ತಿಳಿ ಚಹಕ್ಕೆ ಪುನರ್ಪುಳಿ ಪಾಕ, ಒಂದು ಜಜ್ಜಿದ ಏಲಕ್ಕಿ ಹಾಕಿ ನಾವು ಕುಡಿದು ನೋಡಿದೆವು. ಜಿನ್ನಿನ ಕೊರತೆಯೇನೂ ಕಾಣಲಿಲ್ಲ.

ಯಾರಾದರೂ ಡಿಸ್ಟಿಲರಿಯವರು ಮಾದರಿ ಕೇಳಿಕೊಂಡು ನೇರವಾಗಿ ತೋಟಕ್ಕೆ ಬಂದರೆ ಸದಸ್ಯರು ಒಬ್ಬೊಬ್ಬರೇ ಐದು ಹತ್ತು ಕಿಲೋ ಕೊಟ್ಟು ಕಳುಹಿಸುವುದು ಬೇಡ. 75 ಕಿಲೋ ಮೆಣಸು ಒಬ್ಬ ಬೆಳೆಗಾರನಿಗೆ ಬಿಡಿ ವ್ಯಾಪಾರ, ಹತ್ತು ಮಂದಿಗೆ ಜಗಳ. ಮೆಣಸಿನ ತೇವಾಂಶ ಶೇಕಡಾ 11ರ ಒಳಗೆ ಇರುವಂತೆ ಒಣಗಿಸಿ, ಕೊಯ್ದ ತಿಂಗಳನ್ನೂ ಬಳ್ಳಿಯ ತಳಿಯನ್ನೂ ಚೀಲದ ಮೇಲೆ ಬರೆದು ಸಂಘದ ಉಗ್ರಾಣಕ್ಕೆ ಕೊಟ್ಟರೆ ಒಂದೇ ಲಾಟಾಗಿ ತೋರಿಸಬಹುದು. ಪಣಿಯೂರು, ಕರಿಮುಂಡ, ಮಲ್ಲಿಗೆಸರಗಳನ್ನು ಒಂದೇ ಚೀಲಕ್ಕೆ ಸುರಿಯದೆ ಬೇರೆ ಬೇರೆಯಾಗಿಯೇ ತರಬೇಕು. ಏಲಕ್ಕಿಯನ್ನು ದರ್ಜೆ ಮಾಡುವಾಗ ಬಣ್ಣಗೆಟ್ಟ ಕಾಯನ್ನು ಪ್ರತ್ಯೇಕ ಡಬ್ಬಿಯಲ್ಲಿ ಇಟ್ಟಿರಿ.